ಬೈಕ್ ಎಂಜಿನ್ ಕಾರಿಗೆ ಏರ್ ಫಿಲ್ಟರ್: ಬಾನೆಟ್ ಕೊರೆಯುವ ಮೊದಲು ಇದನ್ನು ಓದಿ

ಬೈಕಿನಲ್ಲಿ ಏರ್ ಫಿಲ್ಟರ್ ಇರುವುದು ಟ್ಯಾಂಕಿನ ಕೆಳಗೋ ಸೀಟಿನ ಕೆಳಗೋ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ. ಅದೇ ಏರ್‌ಬಾಕ್ಸ್. ಎಂಜಿನ್ ಇಳಿಸಿ ಕಾರಿನ ಚಾಸಿಗೆ ಕೂರಿಸಿದ ದಿನ ಟ್ಯಾಂಕು, ಸೀಟಿನ ಜೊತೆ ಆ ಡಬ್ಬಿಯೂ ಪಕ್ಕಕ್ಕೆ ಹೋಗುತ್ತದೆ. ಉಳಿಯುವುದು ಬಾಯಿ ತೆರೆದ ಥ್ರಾಟಲ್ ಬಾಡಿ, ಅಂದರೆ ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ಹಿಡಿತದಲ್ಲಿಡುವ ಭಾಗ. ಅದರ ಮೇಲೆ ನಾಲ್ಕು ಬೆರಳು ಜಾಗ, ಆಮೇಲೆ ಬಾನೆಟ್. ಆ ನಾಲ್ಕು ಬೆರಳಲ್ಲಿ ಫಿಲ್ಟರ್ ಕೂರಿಸುವುದು ಹೇಗೆ ಅನ್ನುವುದೇ ಈ ಲೇಖನ.

ಬ್ರಿಟನ್‌ನಲ್ಲಿ ಇಂಥ ಕಾರು ಕಟ್ಟುವವರು ಬಹಳ. 1957ರಲ್ಲಿ ಬಂದ ಲೋಟಸ್ ಸೆವೆನ್ ಮಾದರಿಯ ಪುಟ್ಟ ಕಾರಿಗೆ ಹಯಾಬುಸಾ, ಫೈರ್‌ಬ್ಲೇಡ್ ಅಥವಾ ಆರ್1 ಬೈಕಿನ ಎಂಜಿನ್ ಇಳಿಸುತ್ತಾರೆ. ನಮ್ಮಲ್ಲಿ ಈ ಕೆಲಸ ಜಾಸ್ತಿ ನಡೆಯುವುದು ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪಿನಲ್ಲಿ. ಕೆಟಿಎಂ 390ರ ಎಂಜಿನ್ ಅಲ್ಲಿ ಎಲ್ಲರಿಗೂ ಪರಿಚಿತ. ಬ್ರಿಟನ್ನಿನವರ ಪುಸ್ತಕಗಳೂ ವಿಡಿಯೊಗಳೂ ಚೆನ್ನಾಗಿವೆ, ಆದರೆ ತಂಪು ಮಳೆಯ ದೇಶದವು. ತುಮಕೂರಿನ ಧೂಳು ಬೇರೆ. ಬೇಸಿಗೆಯ ಕೆಂಪು ಮಣ್ಣು ಒಂದು ಕಡೆ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಹರಡಿದ ರಾಗಿ, ಹುರುಳಿಯ ಹೊಟ್ಟು ಮತ್ತು ಸುಂಕು ಇನ್ನೊಂದು ಕಡೆ. ಕಲ್ಲು ಕ್ರಷರ್ ಹತ್ತಿರವಿದ್ದರೆ ಗ್ರಾನೈಟ್ ಪುಡಿ. ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್ ಪಿಸ್ಟನ್ ರಿಂಗ್ ಅನ್ನೂ ಬೋರನ್ನೂ (ಸಿಲಿಂಡರಿನ ಒಳಗೋಡೆ) ಸವೆಸುವಷ್ಟು ಗಟ್ಟಿ. ಈಗಿನ ಎಷ್ಟೋ ಬೈಕ್‌ಗಳ ಬೋರಿಗೆ ನಿಕಲ್ ಲೇಪನ ಇರುತ್ತದೆ. ಅದು ಗೀರಿದರೆ ಹಳೇ ಎಂಜಿನ್ ಥರ ಸುಮ್ನೆ ರೀಬೋರ್ ಮಾಡಿಸಲು ಆಗುವುದಿಲ್ಲ. ಹಾಗಾಗಿ ನಮ್ಮ ಕಡೆ ಮೊದಲ ಪ್ರಶ್ನೆ ಪವರ್ ಎಷ್ಟು ಬಂತು ಎಂಬುದಲ್ಲ, ಧೂಳು ಎಲ್ಲಿಂದ ನುಸುಳುತ್ತದೆ ಎಂಬುದು. ದುಬಾರಿ ಫಿಲ್ಟರ್ ಹಾಕಿ ಅಂಚಿನಲ್ಲಿ ಕೂದಲೆಳೆ ಸಂದು ಬಿಟ್ಟರೆ, ಆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಎಷ್ಟು ಗಾಳಿ, ಎಂಥ ಫಿಲ್ಟರ್

ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಉಸಿರೆಳೆಯುತ್ತದೆ. 373 ಸಿಸಿ ಎಂಜಿನ್ 9,000 ಆರ್‌ಪಿಎಂನಲ್ಲಿ ಓಡಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 1,680 ಲೀಟರ್ ಗಾಳಿ ಬೇಕು. 200 ಲೀಟರ್ ಡ್ರಮ್ಮಿನ ಲೆಕ್ಕದಲ್ಲಿ ಎಂಟು ಡ್ರಮ್. 1,000 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ 11,000ದಲ್ಲಿ 5,500 ಲೀಟರ್ ಕೇಳುತ್ತದೆ. ಜಾಗ ಇಲ್ಲ ಎಂದು ಮುಷ್ಟಿಯಷ್ಟು ಚಿಕ್ಕ ಫಿಲ್ಟರ್ ಸಿಕ್ಕಿಸಿದರೆ ಮೊದಲ ದಿನ ಓಡಬಹುದು. ಧೂಳು ಕೂತ ಮೇಲೆ ಉಸಿರು ಕಟ್ಟುತ್ತದೆ. ಆ ಬೈಕಿನ ಮೂಲ ಫಿಲ್ಟರಿನ ಕಾಗದ ಬಿಡಿಸಿದರೆ ಎಷ್ಟು ಅಗಲ ಬರುತ್ತದೆ ನೋಡಿ. ಅದಕ್ಕೆ ಹತ್ತಿರವಾದದ್ದನ್ನೇ ಆರಿಸಿ.

ಕಾಗದದ ಫಿಲ್ಟರ್ ಸಣ್ಣ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ನೀರು ತಾಗಿದರೆ ಕೆಡುತ್ತದೆ. ಎಣ್ಣೆ ಹಚ್ಚಿದ ಹತ್ತಿಬಟ್ಟೆಯದು ಗಾಳಿಯನ್ನು ಸಲೀಸಾಗಿ ಬಿಡುತ್ತದೆ, ಆದರೆ ಎಣ್ಣೆ ಒಣಗಿದರೆ ಧೂಳನ್ನೂ ಬಿಡುತ್ತದೆ. ಎರಡು ಪದರದ ಎಣ್ಣೆ ಫೋಮ್ ನನ್ನ ಆಯ್ಕೆ. ಮಣ್ಣಿನ ಟ್ರ್ಯಾಕಿನ ಬೈಕ್‌ಗಳಲ್ಲಿ ಇದೇ ಇರುತ್ತದೆ. ತೊಳೆಯಬಹುದು, ಬೇಕಾದ ಆಕಾರದಲ್ಲೂ ಸಿಗುತ್ತದೆ.

ಅಳತೆ: ಚಪಾತಿ ಹಿಟ್ಟು ಸಾಕು

ಬ್ಯಾಟರಿ ವೈರ್ ಬಿಚ್ಚಿ ಕೆಲಸ ಶುರು ಮಾಡಿ. ಥ್ರಾಟಲ್ ಬಾಡಿಯ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಎಷ್ಟು ಬಟ್ಟೆ ಇಟ್ಟಿರಿ ಎಂದು ಬಾನೆಟ್ ಮೇಲೆ ಬರೆದು ಅಂಟಿಸಿ, ತೆಗೆಯುವಾಗ ಎಣಿಸಿ. ಒಂದು ಮರೆತರೂ ಎಂಜಿನ್ ಅದನ್ನು ನುಂಗುತ್ತದೆ.

ಈಗ ಥ್ರಾಟಲ್ ಬಾಡಿಯ ಮೇಲೆ ಅಲ್ಲಲ್ಲಿ ಗಟ್ಟಿಯಾಗಿ ಕಲಸಿದ ಹಿಟ್ಟಿನ ಉಂಡೆ ಇಡಿ. ಹಿಟ್ಟಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅಂಟುವುದಿಲ್ಲ. ಬಾನೆಟ್ ಪೂರ್ತಿ ಮುಚ್ಚಿ ಲಾಕ್ ಮಾಡಿ, ತೆರೆಯಿರಿ. ಒತ್ತಿದ ಹಿಟ್ಟಿನ ಎತ್ತರವೇ ನಿಮಗಿರುವ ಜಾಗ. ನಾಲ್ಕು ಮೂಲೆಯಲ್ಲೂ ಅಳೆಯಿರಿ. ಬಾನೆಟ್ ಇಳಿಜಾರು ಇರುವುದರಿಂದ ಮುಂದೆ ಹಿಂದೆ ವ್ಯತ್ಯಾಸ ಬಂದೇ ಬರುತ್ತದೆ.

ಸಿಕ್ಕ ಎತ್ತರದಲ್ಲಿ 15ರಿಂದ 20 ಮಿಲಿಮೀಟರ್ ಕಳೆಯಿರಿ. ಆಕ್ಸಿಲರೇಟರ್ ಒತ್ತಿದಾಗ ರಬ್ಬರ್ ಮೌಂಟ್ ಮೇಲಿನ ಎಂಜಿನ್ ಹೊರಳಾಡುತ್ತದೆ, ಅದಕ್ಕೆ ಈ ಜಾಗ ಬೇಕು. ಫಿಲ್ಟರಿನ ಒಳಗೂ ಜಾಗ ಬೇಕು. ಗಾಳಿ ಎಳೆಯುವ ಬಾಯಿಗೂ ಎದುರಿನ ಫೋಮಿಗೂ ನಡುವೆ, ಆ ಬಾಯಿಯ ವ್ಯಾಸದ ಅರ್ಧದಷ್ಟಾದರೂ ಅಂತರ ಇರಲಿ. ಪೂರ್ತಿ ವ್ಯಾಸದಷ್ಟು ಇದ್ದರೆ ಇನ್ನೂ ಒಳ್ಳೆಯದು. ಅಷ್ಟು ಇಲ್ಲದಿದ್ದರೆ ಬಾನೆಟ್ ಕೊರೆಯುವ ಯೋಚನೆ ಆಮೇಲೆ ಮಾಡಿ. ಮೊದಲು ಥ್ರಾಟಲ್ ಬಾಡಿಯ ಬಾಯಿಂದ ರಬ್ಬರ್ ಬೆಂಡ್ ಹಾಕಿ ಫಿಲ್ಟರನ್ನು ಪಕ್ಕಕ್ಕೆ ಒಯ್ಯಲು ಆಗುತ್ತದೆಯೇ ನೋಡಿ. ಒಂದೇ ಸಿಲಿಂಡರಿನ ಎಂಜಿನ್ನಿಗೆ ಇದೇ ಸುಲಭದ ದಾರಿ, ಒಂದು ಗಟ್ಟಿ ಪೈಪು, ಎರಡು ಹೋಸ್ ಕ್ಲಿಪ್, ಮುಗಿಯಿತು.

ಬೇಸ್ ಪ್ಲೇಟ್

ನಾಲ್ಕು ಸಿಲಿಂಡರಿಗೆ ಬೇಸ್ ಪ್ಲೇಟ್, ಅಂದರೆ ಥ್ರಾಟಲ್ ಬಾಡಿಗಳ ಮೇಲೆ ಫಿಲ್ಟರ್ ಕೂರಿಸುವ ತಳದ ತಗಡು, ಬೇಕೇ ಬೇಕು. 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಸಾಕು. ತೂತುಗಳ ಗುರುತನ್ನು ಹಳೇ ಏರ್‌ಬಾಕ್ಸಿನ ತಳದಿಂದಲೇ ರಟ್ಟಿನ ಮೇಲೆ ಇಳಿಸಿಕೊಳ್ಳಿ. ರಟ್ಟನ್ನು ಎಂಜಿನ್ ಮೇಲೆ ಇಟ್ಟು ನೋಡಿ, ಸರಿ ಕೂತ ಮೇಲೆ ತಗಡು ಮುಟ್ಟಿ. ತೂತು ಕೈ ಡ್ರಿಲ್ಲಿನಲ್ಲಿ ಕೊರೆದು ಅರದಲ್ಲಿ ಉಜ್ಜಿದರೆ ದುಂಡಗೆ ಬರುವುದು ಕಷ್ಟ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಹೋಗಿ ಲೇತ್ ಕೆಲಸ ಮಾಡುವವರ ಹತ್ತಿರ ಮಾಡಿಸಿ. ರಟ್ಟಿನ ಜೊತೆ ಒಂದು ಥ್ರಾಟಲ್ ಬಾಡಿಯನ್ನೂ ಒಯ್ಯಿರಿ. ಕೈಗೆ ವಸ್ತು ಕೊಟ್ಟರೆ ಅವರು ಚಿತ್ರಕ್ಕಿಂತ ಸರಿಯಾಗಿ ಮಾಡುತ್ತಾರೆ.

ಫಿಲ್ಟರಿನ ಒಳಗೆ ಸಡಿಲವಾಗಬಲ್ಲ ಒಂದು ನಟ್ಟೂ ಇರಬಾರದು. ಬೋಲ್ಟಿನ ತಲೆ ಒಳಗೆ, ನಟ್ ಹೊರಗೆ, ಅದೂ ನೈಲಾನ್ ಲಾಕ್ ನಟ್. ಒಳಗೆ ರಿವೆಟ್ ಬೇಡವೇ ಬೇಡ. ಈ ಒಂದು ಮಾತನ್ನು ದಯವಿಟ್ಟು ಸಡಿಲ ಬಿಡಬೇಡಿ. ಫಿಲ್ಟರ್ ದಾಟಿದ ಮೇಲೆ ಬಿದ್ದ ನಟ್ಟಿಗೂ ವಾಲ್ವಿಗೂ ನಡುವೆ ತಡೆಯುವುದು ಏನೂ ಇಲ್ಲ.

ಪ್ಲೇಟಿಗೂ ಥ್ರಾಟಲ್ ಬಾಡಿಗೂ ನಡುವೆ ಪೆಟ್ರೋಲ್ ತಡೆಯುವ ರಬ್ಬರ್ ಗ್ಯಾಸ್ಕೆಟ್ ಹಾಕಿ. ಸಾಮಾನ್ಯ ಸಿಲಿಕಾನ್ ಸೀಲೆಂಟ್ ಪೆಟ್ರೋಲ್ ಆವಿಗೆ ಮೆತ್ತಗಾಗಿ ತುಂಡಾಗಿ ಒಳಗೆ ಬೀಳಬಹುದು. ಫೋಮಿನ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ ಕೂರಿಸಿದರೆ ಸಂದು ಮುಚ್ಚುತ್ತದೆ.

ಈಗ ಆಕ್ಸಿಲರೇಟರ್ ಕೇಬಲ್ ನೋಡಿ. ಪೂರ್ತಿ ಒತ್ತಿ ಬಿಟ್ಟರೆ ಟಪ್ ಎಂದು ವಾಪಸ್ ಬರಬೇಕು. ಹೊಸ ಪ್ಲೇಟಿನ ಅಂಚಿಗೆ ಎಲ್ಲಾದರೂ ತಾಗಿ ತಡೆದರೆ ಆ ಕಾರನ್ನು ಸ್ಟಾರ್ಟ್ ಮಾಡಲೇಬಾರದು.

ಏರ್‌ಬಾಕ್ಸ್ ಜೊತೆ ಬಂದ ಪೈಪುಗಳು

ಇಲ್ಲಿ ಎಡವುವವರೇ ಜಾಸ್ತಿ. ಮೂಲ ಏರ್‌ಬಾಕ್ಸಿಗೆ ಎಂಜಿನ್ನಿನಿಂದ ಒಂದು ದಪ್ಪ ಬ್ರೀದರ್ ಪೈಪ್ ಬರುತ್ತದೆ. ಕ್ರ್ಯಾಂಕ್‌ಕೇಸಿನ ಎಣ್ಣೆ ಆವಿ ಅದರಲ್ಲಿ ಹೋಗಬೇಕು. ಅದನ್ನು ಮುಚ್ಚಿದರೆ ಒತ್ತಡ ಏರಿ ಸೀಲುಗಳಿಂದ ಎಣ್ಣೆ ಸೋರುತ್ತದೆ. ಸುಮ್ನೆ ತೆರೆದು ಬಿಟ್ಟರೆ ಅದೇ ದಾರಿಯಲ್ಲಿ ಧೂಳು ಒಳಗೆ. ಎಣ್ಣೆ ಹಿಡಿದಿಡುವ ಒಂದು ಚಿಕ್ಕ ಕ್ಯಾಚ್ ಡಬ್ಬಿ ಇಟ್ಟು ಅದಕ್ಕೆ ಜೋಡಿಸಿ, ಡಬ್ಬಿಯ ಬಾಯಿಗೆ ಪುಟ್ಟ ಫಿಲ್ಟರ್ ಹಾಕಿ. ಸೈಲೆನ್ಸರ್ ಕಡೆಗೆ ಗಾಳಿ ಕೊಡುವ ತೆಳು ಪೈಪ್ ಇದ್ದರೆ ಅದಕ್ಕೂ ಫಿಲ್ಟರ್ ದಾಟಿದ ಗಾಳಿಯೇ ಸಿಗಲಿ.

ಗಾಳಿಯ ಬಿಸಿ ಅಳೆಯುವ ಸೆನ್ಸರ್ ಎಷ್ಟೋ ಬೈಕ್‌ಗಳಲ್ಲಿ ಏರ್‌ಬಾಕ್ಸಿನಲ್ಲೇ ಇರುತ್ತದೆ. ಅದನ್ನು ಬೇಸ್ ಪ್ಲೇಟಿನಲ್ಲಿ, ಫಿಲ್ಟರಿನ ಒಳಭಾಗಕ್ಕೆ ಮುಖ ಮಾಡಿ ಕೂರಿಸಿ. ಬಿಸಿ ಎಂಜಿನ್ ಪಕ್ಕ ನೇತಾಡಿಸಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಪ್ಪು ಲೆಕ್ಕದಲ್ಲಿ ಪೆಟ್ರೋಲ್ ಕೊಡುತ್ತದೆ. ಕಾರ್ಬ್ಯುರೇಟರ್ ಎಂಜಿನ್ ಆದರೆ ಗಾಳಿ ಸಲೀಸಾಗಿ ಬಂದಾಗ ಪೆಟ್ರೋಲ್ ಸಾಲದೆ ಲೀನ್ ಆಗುತ್ತದೆ, ಪೆಟ್ರೋಲ್ ಬಿಡುವ ಪುಟ್ಟ ತೂತಿನ ಮೇನ್ ಜೆಟ್ ಬದಲಿಸಬೇಕಾಗಬಹುದು. ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ.

ತಣ್ಣನೆ ಗಾಳಿ ಎಲ್ಲಿಂದ

ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಆಗಲೇ ಶೇಕಡ 7ರಿಂದ 8ರಷ್ಟು ತೆಳು. ಅದರ ಮೇಲೆ ರೇಡಿಯೇಟರ್ ದಾಟಿ ಬಂದ ಗಾಳಿಯನ್ನೇ ಕೊಟ್ಟರೆ ಹೇಗೆ? ಗಾಳಿ 30 ಡಿಗ್ರಿ ಬಿಸಿಯಾದರೆ ಶೇಕಡ 9ರಷ್ಟು ಇನ್ನೂ ತೆಳುವಾಗುತ್ತದೆ. ಫಿಲ್ಟರಿಗೂ ಸೈಲೆನ್ಸರಿಗೆ ಬಿಸಿ ಹೊಗೆ ಒಯ್ಯುವ ಬೆಂಡ್ ಪೈಪಿಗೂ ನಡುವೆ ಅಲ್ಯೂಮಿನಿಯಂ ತಗಡಿನ ಗೋಡೆ ನಿಲ್ಲಿಸಿ. ರೇಡಿಯೇಟರಿನ ಪಕ್ಕದಿಂದ ಒಂದು ಡಕ್ಟ್ ಎಳೆದು ಬಾಯಿಯನ್ನು ಫಿಲ್ಟರ್ ಹತ್ತಿರ ಬಿಡಿ. ನೇರ ಫಿಲ್ಟರಿಗೆ ಊದುವಂತೆ ಬೇಡ, ಮಳೆ ನೀರೂ ಹೊಟ್ಟೂ ಅದೇ ದಾರಿಯಲ್ಲಿ ಬರುತ್ತವೆ. ಡಕ್ಟಿನ ತಗ್ಗಿನಲ್ಲಿ ನೀರು ಇಳಿಯಲು ಒಂದು ಚಿಕ್ಕ ತೂತು ಇರಲಿ.

ಇಷ್ಟಾಗಿಯೂ ಎತ್ತರ ಸಾಲದಿದ್ದರೆ ಬಾನೆಟ್ ಕೊರೆಯಿರಿ. ಫೈಬರ್ ಬಾನೆಟ್ ಆದರೆ ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕು. ಮೂಲೆಗಳಲ್ಲಿ ಮೊದಲು ದುಂಡು ತೂತು ಹಾಕಿ, ಬಿರುಕು ಮುಂದೆ ಓಡುವುದಿಲ್ಲ. ಗೆರೆಗಿಂತ ಚಿಕ್ಕದಾಗಿ ಕತ್ತರಿಸಿ, ಆಮೇಲೆ ಉಜ್ಜಿ ದೊಡ್ಡದು ಮಾಡಿ. ಮೇಲೊಂದು ಉಬ್ಬಿದ ಮುಚ್ಚಳ ಹಾಕಿ.

ಮೊದಲ ಓಡಾಟ ಕಾಲೇಜು ಮೈದಾನದಲ್ಲೋ ಸ್ವಂತ ಜಾಗದಲ್ಲೋ ಆಗಲಿ. ನೋಂದಣಿ ಇಲ್ಲದ ಕಾರನ್ನು ರಸ್ತೆಗೆ ತರುವಂತಿಲ್ಲ. ಎಂಜಿನ್ ಕೆಲವೊಮ್ಮೆ ಹಿಂದಕ್ಕೆ ಕಿಡಿ ಉಗುಳುತ್ತದೆ, ಎಣ್ಣೆ ಫೋಮ್ ಹತ್ತಿಕೊಳ್ಳಬಹುದು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಓಡಿಸುವ ಮೊದಲು ಫಿಲ್ಟರಿನ ಒಳಗಡೆ, ಬೇಸ್ ಪ್ಲೇಟಿನ ಮೇಲೆ ತೆಳುವಾಗಿ ಗ್ರೀಸ್ ಸವರಿ. ಓಡಿಸಿ ಬಂದ ಮೇಲೆ ಬಿಳಿ ಬಟ್ಟೆಯಲ್ಲಿ ಒರೆಸಿ ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿದ್ದರೆ ಸರಿ. ಮರಳಿನಂತೆ ಕರಕರ ಎಂದರೆ ಎಲ್ಲೋ ಸಂದಿದೆ. ಗ್ರೀಸಿನ ಮೇಲೆ ಧೂಳಿನ ಗೆರೆ ಯಾವ ಅಂಚಿನಿಂದ ಶುರುವಾಗಿದೆಯೋ ಅಲ್ಲೇ ಗ್ಯಾಸ್ಕೆಟ್ ಬಿಚ್ಚಿ ಮತ್ತೆ ಕೂರಿಸಿ. ಫೋಮನ್ನು ಸೋಪಿನ ನೀರಲ್ಲಿ ಹಿಂಡದೆ ಅದುಮಿ ತೊಳೆಯಿರಿ, ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆ ಹಚ್ಚಿ. ಪೆಟ್ರೋಲಿನಲ್ಲಿ ತೊಳೆಯಬೇಡಿ, ಅಂಟು ಬಿಡುತ್ತದೆ, ಬೆಂಕಿಯ ಭಯ ಬೇರೆ. ಸುಗ್ಗಿ ಕಾಲದಲ್ಲಿ ಪ್ರತಿ ಓಡಾಟದ ನಂತರ ಒಮ್ಮೆ ಬಿಚ್ಚಿ ನೋಡಿ, ಸುಂಕು ಫೋಮಿನ ಮೇಲೆ ಬೇಗ ಪದರ ಕಟ್ಟುತ್ತದೆ.