ಮನೆಗೊಂದು ಟಿವಿ, ಅಮ್ಮನಿಗೊಂದು ಫೋನ್: ರಿಪೇರಿಯವನೊಬ್ಬ ಆರಿಸಿದ ಬಗೆ

ತುಮಕೂರಿನಲ್ಲಿ ಟಿವಿ ರಿಪೇರಿ ನನ್ನ ಕೆಲಸ. ದಪ್ಪ ಟ್ಯೂಬಿನ ಟಿವಿ ಕಾಲದಿಂದಲೂ ಇದೇ ಮಾಡಿಕೊಂಡು ಬಂದಿದ್ದೇನೆ. ಅಂಗಡಿಗೆ ಬಂದವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಅಣ್ಣಾ, ಹೊಸದು ತಗೊಳ್ಳೋದಾದ್ರೆ ಯಾವ ಕಂಪನಿದು ತಗೊಳ್ಳಲಿ?" ನಾನು ಕಂಪನಿ ಹೆಸರು ಹೇಳುವುದಿಲ್ಲ. ಎಲ್ಲಿ ಹಾಕ್ತೀರಿ, ಎಷ್ಟು ದೂರ ಕೂತು ನೋಡ್ತೀರಿ, ಮನೆಯಲ್ಲಿ ಯಾರು ಜಾಸ್ತಿ ನೋಡ್ತಾರೆ ಅಂತ ತಿರುಗಿ ಕೇಳುತ್ತೇನೆ. ಈಚೆಗೆ ನಮ್ಮ ಮನೆಗೇ ಒಂದು ಟಿವಿ, ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿರುವ ಅಮ್ಮನಿಗೆ ಒಂದು ಫೋನ್ ಕೊಳ್ಳಬೇಕಾಯಿತು. ಬೇರೆಯವರಿಗೆ ಹೇಳುವುದನ್ನೇ ನಾನೂ ಮಾಡಿದೆ.

ಮೊದಲು ಟೇಪ್ ಹಿಡಿದೆ. ನಮ್ಮ ಹಾಲ್‌ನಲ್ಲಿ ಸೋಫಾದಿಂದ ಗೋಡೆಗೆ ಎಂಟು ಅಡಿ. ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ, ಹಾಗಾಗಿ 43 ಇಂಚಿನ ಪರದೆ ಸುಮಾರು 95 ಸೆಂ.ಮೀ. ಅಗಲ ಇರುತ್ತದೆ, 55 ಇಂಚಿನದು 122 ಸೆಂ.ಮೀ. ಗೋಡೆಯ ಮೇಲೆ ಪೇಪರ್ ಟೇಪ್‌ನಿಂದ ಎರಡೂ ಅಳತೆಯ ಚೌಕ ಅಂಟಿಸಿ, ಎಲ್ಲರನ್ನೂ ಅವರವರ ಜಾಗದಲ್ಲಿ ಕೂರಿಸಿದೆ. ಮಕ್ಕಳಿಗೆ 55 ಬೇಕು, ನನ್ನ ಹೆಂಡತಿಗೆ 43 ಸಾಕು.

ಇಲ್ಲಿ 4ಕೆ ವಿಷಯ ಒಂಚೂರು ಹೇಳಬೇಕು. ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕೆ ಇರುವ ಪರದೆಯೇ 4ಕೆ. ಸಾಮಾನ್ಯ ದೃಷ್ಟಿ ಇರುವವರು 43 ಇಂಚಿನ ಫುಲ್ ಎಚ್‌ಡಿ ಪರದೆಯನ್ನು ಐದೂವರೆ ಅಡಿಗಿಂತ ದೂರದಿಂದ ನೋಡಿದರೆ ಅದರ ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. 55 ಇಂಚಿಗೆ ಆ ದೂರ ಸುಮಾರು ಏಳು ಅಡಿ. ಅಂದರೆ ಎಂಟು ಅಡಿಯಲ್ಲಿ ಕೂತವರಿಗೆ 4ಕೆ ಇಂದ ಹೆಚ್ಚೇನೂ ಸಿಗುವುದಿಲ್ಲ. ನಾವು ದಿನಾ ನೋಡುವ ಕೇಬಲ್, ಡಿಷ್ ಚಾನೆಲ್‌ಗಳು ಎಚ್‌ಡಿ ಇಲ್ಲವೇ ಅದಕ್ಕಿಂತ ಕಡಿಮೆ. ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಚಾನೆಲ್ ದೊಡ್ಡ ಪರದೆಯಲ್ಲಿ ಇನ್ನೂ ಮಸುಕಾಗಿ ಕಾಣುತ್ತದೆ. ಈಗ 43ರ ಮೇಲೆ ಬಹುಪಾಲು 4ಕೆ ಸೆಟ್ಟೇ ಬರುತ್ತವೆ, ಬರಲಿ. ಆ ಒಂದು ಅಕ್ಷರಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ ಅಂತಷ್ಟೇ ನಾನು ಹೇಳುವುದು. ನಾವು 43ಕ್ಕೆ ಒಪ್ಪಿದೆವು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ತೆರಿಗೆ ಉಳಿಸೋಕೆ ಅಂತ 32ಕ್ಕೇ ನಿಲ್ಲುವ ಕಾರಣವೂ ಈಗ ಇಲ್ಲ.

ಎಂ.ಜಿ. ರಸ್ತೆಯ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸ್ ವಿಡಿಯೋ, ಜೊತೆಗೆ ಬರೀ ಬಣ್ಣದ ಆರು ಚಿತ್ರ: ಕಪ್ಪು, ಬಿಳಿ, ಬೂದು, ಕೆಂಪು, ಹಸಿರು, ನೀಲಿ. ಅಂಗಡಿಯಲ್ಲಿ ಓಡುವ ಡೆಮೊ ವಿಡಿಯೋ ನೋಡಿ ಯಾರೂ ಟಿವಿ ಆರಿಸಬಾರದು. ಗಿಳಿ, ಹೂವು, ಸಮುದ್ರ ಎಲ್ಲ ಆ ಪರದೆ ಮಿಂಚಲಿ ಅಂತಲೇ ತೆಗೆದಿರುವುದು. ಅದರ ಮೇಲೆ ಟಿವಿಯನ್ನು ವಿವಿಡ್ ಮೋಡ್‌ನಲ್ಲಿ ಇಟ್ಟಿರುತ್ತಾರೆ, ಅಂಗಡಿಯ ದೀಪದ ಬೆಳಕನ್ನು ಮೀರಿ ಹೊಳೆಯಬೇಕಲ್ಲ. ರಿಮೋಟ್ ಇಸ್ಕೊಂಡು ಸಿನಿಮಾ ಮೋಡ್‌ಗೆ ಹಾಕಿ, ನನ್ನ ಪೆನ್‌ಡ್ರೈವ್ ಚುಚ್ಚಿದೆ.

ಮಗಳ ಡ್ಯಾನ್ಸ್ ರಾತ್ರಿ ನಡೆದದ್ದು, ಹಿಂದೆ ಕಪ್ಪು ಪರದೆ, ಮೇಲೊಂದು ಹಳದಿ ದೀಪ. ಒಂದು ಟಿವಿಯಲ್ಲಿ ಆ ಕಪ್ಪು ಕಪ್ಪಾಗಿಯೇ ಕಂಡಿತು. ಆದರೆ ಮೂರು ಹೆಜ್ಜೆ ಪಕ್ಕಕ್ಕೆ ಸರಿದರೆ ಮಕ್ಕಳ ಮುಖವೆಲ್ಲ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತು. ಪಕ್ಕದ ಟಿವಿಯಲ್ಲಿ ಕಪ್ಪು ಸ್ವಲ್ಪ ಬೂದು, ಆದರೆ ಎಲ್ಲಿಂದ ನೋಡಿದರೂ ಬಣ್ಣ ಹಾಗೇ ಇತ್ತು. ಚಿತ್ರ ಮೂಡುವ ಹಾಳೆಗೆ ಪ್ಯಾನೆಲ್ ಅಂತಾರೆ, ಅದರಲ್ಲಿ ಬೇರೆ ಬೇರೆ ಬಗೆ ಇವೆ. ಮೊದಲನೆಯದು ವಿಎ ಪ್ಯಾನೆಲ್, ಎರಡನೆಯದು ಐಪಿಎಸ್ ಪ್ಯಾನೆಲ್. ಅಂಗಡಿಯ ಹುಡುಗನಿಗೆ ಇದು ಗೊತ್ತಿರಲಿಲ್ಲ. ಅವನ ತಪ್ಪೇನಲ್ಲ, ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಕೆಲವೊಮ್ಮೆ ಒಂದೇ ಮಾಡೆಲ್‌ನಲ್ಲಿ ಎರಡೂ ಬರುತ್ತವೆ. ನಿಂತು ನೋಡಿಯೇ ತಿಳಿಯಬೇಕು.

ನಾನು ಐಪಿಎಸ್ ತಗೊಂಡೆ. ನಮ್ಮತ್ತೆ ದಿವಾನದ ಮೇಲೆ ಒರಗಿಕೊಂಡು ಪಕ್ಕದಿಂದ ನೋಡುತ್ತಾರೆ, ಮಕ್ಕಳು ಕೆಳಗೆ ಚಾಪೆಯ ಮೇಲೆ. ಹಾಲ್‌ನಲ್ಲಿ ರಾತ್ರಿ ಟ್ಯೂಬ್‌ಲೈಟ್ ಆರಿಸುವುದೇ ಇಲ್ಲ. ಆ ಬೆಳಕಿನಲ್ಲಿ ಕಪ್ಪು ಒಂದಿಷ್ಟು ಬೂದಾದರೆ ಯಾರಿಗೂ ಗೊತ್ತಾಗಲ್ಲ. ದೀಪ ಆರಿಸಿ, ಎದುರಿಗೇ ಕೂತು ಸಿನಿಮಾ ನೋಡುವ ಮನೆಯಾದರೆ ವಿಎ ತಗೊಳ್ಳಿ ಅಂತಲೇ ಹೇಳುತ್ತಿದ್ದೆ.

ಇನ್ನು ಎಲ್ಇಡಿ, ಕ್ಯೂಎಲ್ಇಡಿ, ಓಎಲ್ಇಡಿ. ಮೊದಲ ಎರಡೂ ಒಳಗೆ ಎಲ್‌ಸಿಡಿಯೇ, ಹಿಂದಿನಿಂದ ಎಲ್ಇಡಿ ಬೆಳಕು ಬಿಡುತ್ತವೆ. ಕ್ಯೂಎಲ್ಇಡಿಯಲ್ಲಿ ಬಣ್ಣಕ್ಕೆ ಒಂದು ಪದರ ಜಾಸ್ತಿ. ಓಎಲ್ಇಡಿ ಮಾತ್ರ ಬೇರೆ ಜಾತಿ, ಅದರಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ. ಚಿತ್ರ ನಿಜಕ್ಕೂ ಚೆಂದ. ಆದರೆ ಬೆಳಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಹಾಕಿಕೊಂಡು ಕೂರುವ ಮನೆಗೆ ನಾನದನ್ನು ಹೇಳುವುದಿಲ್ಲ. ಚಾನೆಲ್‌ನ ಲೋಗೊ, ಕೆಳಗಿನ ಕೆಂಪು ಪಟ್ಟಿ ಒಂದೇ ಜಾಗದಲ್ಲಿ ಉರಿದು ಉರಿದು ಅಚ್ಚು ಬೀಳುವ ಭಯ ಇರುತ್ತದೆ.

ನನ್ನ ಹತ್ತಿರ ಬರುವ ಎಲ್ಇಡಿ ಟಿವಿಗಳಲ್ಲಿ ಜಾಸ್ತಿ ಹೋಗಿರುವುದು ಬ್ಯಾಕ್‌ಲೈಟ್. ಸೌಂಡ್ ಬರುತ್ತದೆ, ಚಿತ್ರ ಇಲ್ಲ ಅಂತ ತರುತ್ತಾರೆ. ಕೋಣೆ ಕತ್ತಲೆ ಮಾಡಿ ಪರದೆಗೆ ಹತ್ತಿರದಿಂದ ಟಾರ್ಚ್ ಬಿಡುತ್ತೇನೆ. ಬೆಳಕು ಬಿದ್ದಷ್ಟು ಜಾಗದಲ್ಲಿ ಸೀರಿಯಲ್ ಮಸುಕಾಗಿ ಓಡುತ್ತಿರುತ್ತದೆ! ಚಿತ್ರ ಇದೆ, ಹಿಂದಿನ ಬೆಳಕು ಇಲ್ಲ. ಬಲ್ಬುಗಳು ಪಟ್ಟಿಯ ಮೇಲೆ ಸಾಲಾಗಿ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಸುಟ್ಟರೂ ಇಡೀ ಪರದೆ ಕತ್ತಲಾಗಬಹುದು. ಇದು ರಿಪೇರಿ ಆಗುವಂಥದ್ದು, ಭಯಪಡಬೇಡಿ. ಬ್ಯಾಕ್‌ಲೈಟ್ 100ರಲ್ಲಿಟ್ಟು ವರ್ಷಗಟ್ಟಲೆ ಓಡಿಸಿದರೆ ಬಿಸಿಯೇರಿ ಬೇಗ ಹೋಗುತ್ತದೆ. ನಮ್ಮನೆ ಟಿವಿಯನ್ನು ಮೊದಲ ದಿನವೇ 60ಕ್ಕೆ ಇಳಿಸಿದೆ. ಕಣ್ಣಿಗೂ ಹಿತ, ಕರೆಂಟೂ ಉಳಿಯುತ್ತದೆ.

ಪ್ಯಾನೆಲ್ ಹೋದರೆ ಮಾತ್ರ ಕಷ್ಟ. ಅದರ ಬೆಲೆ ಹೊಸ ಟಿವಿಯ ಹತ್ತಿರ ಹತ್ತಿರ ಬಂದುಬಿಡುತ್ತದೆ. ಒಳ್ಳೆಯ ಪ್ಯಾನೆಲ್ ಸುಮ್ನೆ ಹಾಳಾಗುವ ಒಂದು ದಾರಿ ಅಂದರೆ ಒರೆಸುವುದು. ಪರದೆಗೆ ನೇರವಾಗಿ ನೀರೋ ಲಿಕ್ವಿಡ್ಡೋ ಸ್ಪ್ರೇ ಮಾಡಿದರೆ ಅದು ಇಳಿದು ಕೆಳಗಿನ ಅಂಚಿನ ಸಂದಿಗೆ ಹೋಗುತ್ತದೆ. ಪ್ಯಾನೆಲ್‌ಗೆ ಸಿಗ್ನಲ್ ತರುವ ತೆಳ್ಳನೆಯ ಪಟ್ಟಿ ಅಲ್ಲೇ ಇರುವುದು. ಆಮೇಲೆ ಉದ್ದುದ್ದ ಗೆರೆ. ಒಣ ಮೈಕ್ರೋಫೈಬರ್ ಬಟ್ಟೆ ಸಾಕು.

ಸ್ಮಾರ್ಟ್ ಟಿವಿ ಅಂದಮೇಲೆ ಸಾಫ್ಟ್‌ವೇರ್ ನೋಡಲೇಬೇಕು. ತುಂಬಾ ಕಡಿಮೆ ಬೆಲೆಯ ಕೆಲವು ಸೆಟ್‌ಗಳಲ್ಲಿ ಆಂಡ್ರಾಯ್ಡ್ ಅಂತ ಬರೆದಿರುತ್ತದೆ, ಆದರೆ ಗೂಗಲ್‌ನ ಮಾನ್ಯತೆ ಇರುವುದಿಲ್ಲ. ಅಂಥದ್ದರಲ್ಲಿ ನೆಟ್‌ಫ್ಲಿಕ್ಸ್, ಪ್ರೈಮ್‌ನಂಥ ಆಪ್‌ಗಳು ಓಡುವುದಿಲ್ಲ, ಓಡಿದರೂ ಎಚ್‌ಡಿ ಬರುವುದಿಲ್ಲ. ಅಂಗಡಿಯಲ್ಲೇ ವೈಫೈಗೆ ಹಾಕಿಸಿ, ಮನೆಯಲ್ಲಿ ನೋಡುವ ಆಪ್ ತೆರೆಸಿ ನೋಡಿದೆ. ರಿಮೋಟ್‌ನ ಮೈಕ್ ಒತ್ತಿ ಕನ್ನಡದಲ್ಲಿ ಒಂದು ಹಾಡು ಕೇಳಿದೆ, ಹುಡುಕಿ ಕೊಟ್ಟಿತು. ಸೌಂಡ್ ಸಾಧಾರಣ, ಆದರೆ ಟಿವಿಯ ಸೌಂಡನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಕಿಂಡಿ ಇದೆ, ಮುಂದೆ ಸೌಂಡ್‌ಬಾರ್ ಹಾಕಿಕೊಳ್ಳಬಹುದು.

ಕರೆಂಟಿನ ವಿಷಯ ನಮ್ಮ ಜಿಲ್ಲೆಗೆ ಮುಖ್ಯ. ಈಗಿನ ಟಿವಿಗಳ ಹಿಂದೆ ಸಾಮಾನ್ಯವಾಗಿ 100–240 ವೋಲ್ಟ್ ಅಂತ ಬರೆದಿರುತ್ತದೆ. ವೋಲ್ಟೇಜ್ ಕಡಿಮೆಯಾದರೆ ತಡೆದುಕೊಳ್ಳುತ್ತವೆ, ಜಾಸ್ತಿಯಾದರೆ ಕಷ್ಟ. ಹಳ್ಳಿಗಳಲ್ಲಿ ಲೈನಿನ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ತಂತಿ, ಕಿತ್ತುಹೋದರೆ ಮನೆಗೆ 400 ವೋಲ್ಟ್‌ವರೆಗೂ ನುಗ್ಗಬಹುದು. ಒಂದೇ ಬೀದಿಯ ಟಿವಿಗಳೆಲ್ಲ ಒಟ್ಟಿಗೆ ನನ್ನ ಅಂಗಡಿಗೆ ಬಂದದ್ದಿದೆ. ಇದಕ್ಕೆ ಬರೀ ಸ್ಪೈಕ್ ಗಾರ್ಡ್ ಸಾಲದು, ವೋಲ್ಟೇಜ್ ಜಾಸ್ತಿಯಾದಾಗ ತಾನೇ ಕಟ್ ಆಗುವ ಸ್ಟೆಬಿಲೈಜರ್ ಬೇಕು. ಇನ್ನೊಂದು, ಏಪ್ರಿಲ್–ಮೇ ತಿಂಗಳ ಗುಡುಗು ಮಳೆ. ಪ್ಲಗ್ ಕಿತ್ತರೆ ಸಾಲದು, ಡಿಷ್ ಕೇಬಲ್ಲನ್ನೂ ಕೀಳಬೇಕು. ಸಿಡಿಲು ಆ ತಂತಿಯ ಮೂಲಕ ಸೆಟ್‌ಟಾಪ್ ಬಾಕ್ಸ್‌ಗೆ ಬಂದು, ಅಲ್ಲಿಂದ ಎಚ್‌ಡಿಎಂಐ ತಂತಿ ಹಾದು ಟಿವಿಯ ಮೇನ್ ಬೋರ್ಡ್ ಸುಡುತ್ತದೆ. ಪ್ಲಗ್ ಕಿತ್ತಿದ್ವಲ್ಲಾ, ಆದ್ರೂ ಹೆಂಗೆ ಹೋಯ್ತು ಅಂತ ಕೇಳುವವರೆಲ್ಲ ಈ ತಂತಿ ಮರೆತವರು.

ಈಗ ಅಮ್ಮನ ಫೋನ್. ಅಮ್ಮ ಕೇಳಿದ್ದು ಇಷ್ಟೇ: "ತೋಟದಲ್ಲಿ ಬಿಸಿಲಿಗೆ ಹಿಡಿದ್ರೂ ಯಾರ್ದು ಫೋನು ಅಂತ ಕಾಣ್ಬೇಕು ಕಣಪ್ಪ, ಗಟ್ಟಿಯಾಗಿ ಕೇಳಿಸ್ಬೇಕು." ಇದಕ್ಕಿಂತ ಒಳ್ಳೆಯ ಪಟ್ಟಿ ನನಗೆ ಯಾರೂ ಕೊಟ್ಟಿಲ್ಲ. ಮಧ್ಯಾಹ್ನದ ಹೊತ್ತು ಅಂಗಡಿಗೆ ಹೋಗಿ, ಡೆಮೊ ಫೋನ್‌ಗಳನ್ನು ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ಒಂದೇ ಥರ ಕಂಡ ಫೋನ್‌ಗಳಲ್ಲಿ ಎರಡು ಹೊರಗೆ ಬರೀ ಕನ್ನಡಿಯಾದವು. ಆಮೇಲೆ ಭಾಷೆ ಕನ್ನಡಕ್ಕೆ, ಅಕ್ಷರ ದೊಡ್ಡದಕ್ಕೆ ಹಾಕಿದೆ. ಒಂದರಲ್ಲಿ ಕರೆ ಬಂದಾಗ ಒತ್ತಬೇಕಾದ ಗುಂಡಿಯ ಪದವೇ ಅರ್ಧ ತುಂಡಾಯಿತು. ಅದನ್ನು ಅಲ್ಲೇ ಕೆಳಗಿಟ್ಟೆ. ಅಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ, ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಅದನ್ನು ಅಮ್ಮನ ಕೈಯಲ್ಲೇ ಮಾಡಿಸಿದೆ.

ರ‍್ಯಾಮ್ 6+6 ಅಂತ ಬರೆದಿದ್ದರೆ ನಿಜವಾದದ್ದು ಆರೇ. ಉಳಿದ ಆರು ಸ್ಟೋರೇಜ್‌ನಿಂದ ಸಾಲ ಪಡೆದದ್ದು, ಅಷ್ಟು ವೇಗ ಇರುವುದಿಲ್ಲ. ಸ್ಟೋರೇಜ್ ನಿಧಾನದ ಇಎಂಎಂಸಿ ಬಗೆಯದಾದರೆ ಬಿಟ್ಟು, ವೇಗದ ಯುಎಫ್‌ಎಸ್ ಇರುವುದನ್ನು ಹಿಡಿಯಿರಿ. ಎರಡು ವರ್ಷ ಕಳೆದ ಮೇಲೆ ವ್ಯತ್ಯಾಸ ಕಾಣುತ್ತದೆ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾ ಲೆಕ್ಕಕ್ಕೇ ಇಡಬೇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಲೇಬೇಕು, ಯುಪಿಐ ಇರುವ ಫೋನ್ ಅಲ್ವಾ. ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎ16 5ಜಿಗೇ 6 ವರ್ಷದ ಮಾತು ಕೊಟ್ಟಿದೆ. ಕಡಿಮೆ ಬೆಲೆ ಅಂದಮೇಲೆ ಎರಡೇ ವರ್ಷ ಅಂತ ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ. ಹಳ್ಳಿಗೆ ಜಿಯೋ 5ಜಿ ಬೇಕಾದರೆ ಎನ್28 ಅನ್ನುವ ಬ್ಯಾಂಡ್, ಅಂದರೆ ಸಿಗ್ನಲ್ ಹಿಡಿಯುವ ತರಂಗಪಟ್ಟಿ, ಇದೆಯಾ ನೋಡಿ. ಅದು 700 ಮೆಗಾಹರ್ಟ್ಸ್, ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಪರದೆ ಎಲ್‌ಸಿಡಿಯದ್ದೇ ಆರಿಸಿದೆ. ಓಎಲ್ಇಡಿ ಜಾತಿಯದೇ ಆದ ಅಮೋಲೆಡ್ ಚೆಂದ, ಆದರೆ ಕೈಜಾರಿ ಒಡೆದರೆ ಹಾಕಿಸುವ ಖರ್ಚು ಬಹಳ ಜಾಸ್ತಿ.

ದುಡ್ಡು ಕೊಡುವ ಮೊದಲು *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಪೆಟ್ಟಿಗೆಯಲ್ಲೂ ಬಿಲ್ಲಲ್ಲೂ ಅದೇ ನಂಬರ್ ಇರಬೇಕು. ಇಂಗ್ಲಿಷ್‌ನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಫೋನಿನ ವಿವರ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ತಪ್ಪಿಸಲೇಬಾರದು.

ಟಿವಿ, ಫೋನ್ ಎರಡಕ್ಕೂ ಕೇಳಿದ ಪ್ರಶ್ನೆ, ಸರ್ವಿಸ್ ಸೆಂಟರ್ ತುಮಕೂರಿನಲ್ಲೇ ಇದೆಯಾ, ಬೆಂಗಳೂರಿಗೆ ಹೋಗಬೇಕಾ ಅಂತ. ಅಂಗಡಿಯವರ ಮಾತು ಕೇಳಿ ಸುಮ್ಮನಾಗದೆ ಕಂಪನಿಯ ನಂಬರಿಗೆ ನಾನೇ ಫೋನ್ ಮಾಡಿ ವಿಳಾಸ ಕೇಳಿದೆ. ಟಿವಿ ಪೆಟ್ಟಿಗೆಯನ್ನು ಕಂಪನಿಯ ಹುಡುಗ ಬರುವವರೆಗೂ ಬಿಚ್ಚಲಿಲ್ಲ. ಬಿಚ್ಚುವಾಗ ವಿಡಿಯೋ ಮಾಡಿ, ಅವನೆದುರಿಗೇ ಆ ಆರು ಬಣ್ಣ ಹಾಕಿ ಚುಕ್ಕೆ, ಗೆರೆ ಇದೆಯಾ ನೋಡಿದೆ. ದೋಷ ಇದ್ದು ಯಾರೂ ಕೇಳದೆ ಹೋದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಮೊದಲು ಬೇಕಾಗುವುದು ಬಿಲ್ಲು. ನುಣುಪು ಕಾಗದದ ಬಿಲ್ಲಾದರೆ ವಾರಂಟಿ ಮುಗಿಯುವುದರೊಳಗೆ ಅಕ್ಷರ ಅಳಿಸಿಹೋಗುತ್ತದೆ. ಅವತ್ತೇ ಫೋಟೋ ತೆಗೆದು, ವಾರಂಟಿ ಕಾರ್ಡಿನ ಫೋಟೋ ಜೊತೆ ಮನೆಯವರಿಗೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿಬಿಡಿ.