ಎಪಿಐ ಕಲಿಯಲು ಮೊದಲಿಗೆ ಬ್ರೌಸರ್ ಸಾಕು

ಎಪಿಐ ಎಂದೊಡನೆ ಕೋರ್ಸಿಗೆ ಹಣ ಕಟ್ಟಲು ಓಡಬೇಡಿ. ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿಯನ್ನು ಕೇಳಿ ಪಡೆಯಲು ಇರುವ ಗೊತ್ತುಪಡಿಸಿದ ದಾರಿ ಅದು, ಅಷ್ಟೆ.

ಓಪನ್-ಮೀಟಿಯೊ ಎಂಬ ಹವಾಮಾನ ಸೇವೆಯಿಂದ ಆರಂಭಿಸಿ. ವಾಣಿಜ್ಯೇತರ ಬಳಕೆಗೆ ಉಚಿತ. ನೋಂದಣಿಯೂ ಬೇಡ, ಕೀಯೂ (ಬಳಕೆದಾರರನ್ನು ಗುರುತಿಸಲು ಸೇವೆ ಕೊಡುವ ಗುಪ್ತ ಸಂಕೇತ) ಬೇಡ. ಅದರ ದಾಖಲೆ (ಡಾಕ್ಯುಮೆಂಟೇಶನ್) ಪುಟದಲ್ಲಿ ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59 ತುಂಬಿ, ಈಗಿನ ತಾಪಮಾನವನ್ನು ಆಯ್ದುಕೊಂಡರೆ ಉದ್ದನೆಯ ವಿಳಾಸವೊಂದು ಸಿದ್ಧವಾಗುತ್ತದೆ. ಅದನ್ನು ಹೊಸ ಟ್ಯಾಬಿನಲ್ಲಿ ತೆರೆಯಿರಿ. ಬಣ್ಣವಿಲ್ಲ, ಚಿತ್ರವಿಲ್ಲ, ಆವರಣ ಚಿಹ್ನೆಗಳ ನಡುವೆ ಹೆಸರು ಮತ್ತು ಮೌಲ್ಯಗಳ ಜೋಡಿಗಳು ಮಾತ್ರ. ಇದೇ ಜೇಸನ್ (JSON), ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳುವ ಒಂದು ಬರಹ ರೂಪ. ವಿಳಾಸದ ಪ್ರಶ್ನಾರ್ಥಕ ಚಿಹ್ನೆಯ ನಂತರ ಇರುವುದೆಲ್ಲ ನಿಮ್ಮ ಕೋರಿಕೆ. ಅಲ್ಲಿ ಮಂಗಳೂರಿನ 12.91, 74.86 ಹಾಕಿದರೆ ಉತ್ತರವೂ ಮಂಗಳೂರಿನದೇ.

ಈಗ ಬೇಕೆಂದೇ ಅಕ್ಷಾಂಶವನ್ನು 200 ಎಂದು ಕೊಡಿ. (ಭೂಮಿಯ ಮೇಲೆ 90ಕ್ಕಿಂತ ಹೆಚ್ಚಿನ ಅಕ್ಷಾಂಶವೇ ಇಲ್ಲ.) 400 ಎಂಬ ಸಂಕೇತದೊಂದಿಗೆ ತಪ್ಪೇನೆಂದು ಅದೇ ತಿಳಿಸುತ್ತದೆ. ದೋಷ ಸಂದೇಶ ಓದುವ ಅಭ್ಯಾಸ ಇಲ್ಲಿಯೇ ಆಗಲಿ. ಮುಂದೆ 401 ಕಂಡರೆ ಕೀ ಸರಿಯಿಲ್ಲ ಅಥವಾ ಕೊಟ್ಟಿಲ್ಲ. 429 ಎಂದರೆ ಮಿತಿ ಮೀರಿ ಕೇಳಿದ್ದೀರಿ, ಸ್ವಲ್ಪ ತಡೆಯಿರಿ.

ಕೀ ಬೇಡುವ ಸೇವೆಗಳನ್ನು ಬಳಸುವಾಗ ಮಾತ್ರ ಎಚ್ಚರ: ಆ ಕೀಯನ್ನು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಕೋಡಿನೊಳಗೆ ಬರೆಯಲೇಬೇಡಿ. ಸೋರಿಹೋಗಿದ್ದರೆ ಸಾಲು ಅಳಿಸಿ ಪ್ರಯೋಜನವಿಲ್ಲ, ಹಳೆಯ ಆವೃತ್ತಿಯಲ್ಲಿ ಅದು ಉಳಿದಿರುತ್ತದೆ. ಕೀಯನ್ನೇ ರದ್ದುಮಾಡಿ ಹೊಸದನ್ನು ಪಡೆಯಿರಿ.