ಕಸ್ಟಮ್ಸ್ ಕಾವಲು ನಮ್ಮ ಗೋದಾಮಿನ ಬಾಗಿಲಿಗೆ ಬಂದಾಗ: ಎಇಒ ಎಂಬ ಮಾನ್ಯತೆಯ ಜೊತೆ ನನ್ನ ಅನುಭವ

ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ರಫ್ತಿನ ಕೆಲಸ ನೋಡಿಕೊಳ್ಳುತ್ತೇನೆ. 60 ಕೆಜಿಯ 320 ಗೋಣಿಚೀಲ, ಅಂದರೆ 19.2 ಟನ್ ಕಾಫಿ ಬೀಜ, 20 ಅಡಿಯ ಒಂದು ಕಂಟೇನರ್‌ಗೆ ಹಿಡಿಯುತ್ತದೆ. ಅದು ಶಿರಾಡಿ ಘಾಟಿ ಇಳಿದು ನವ ಮಂಗಳೂರು ಬಂದರು ಸೇರಬೇಕು. ಕಟ್‌ಆಫ್, ಅಂದರೆ ಹಡಗಿಗೆ ಸರಕು ಒಪ್ಪಿಸುವ ಕೊನೆಯ ಹೊತ್ತು, ಮೀರಿದರೆ ಮುಂದಿನ ಹಡಗೇ ಗತಿ.

ಮೊದಲೆಲ್ಲ ನಮ್ಮಲ್ಲೇ ಲೋಡ್ ಮಾಡಿದರೂ ಸೀಲ್ ಹಾಕಲು ಎಕ್ಸೈಸ್ ಅಧಿಕಾರಿ ಬರಬೇಕಿತ್ತು. ಅವರಿಗೆ ಬೇರೆ ಕೆಲಸವಿದ್ದರೆ ಲಾರಿ ಅಲ್ಲೇ ನಿಂತಿರುತ್ತಿತ್ತು. 2017ರಲ್ಲಿ ನಿಯಮ ಬದಲಾಗಿ, ರಫ್ತುದಾರರೇ ಆರ್‌ಎಫ್‌ಐಡಿ ಸೀಲ್ (ರೇಡಿಯೋ ಅಲೆಯ ಯಂತ್ರದಿಂದ ಓದಬಹುದಾದ ಸೀಲ್) ಹಾಕುವ ವ್ಯವಸ್ಥೆ ಬಂತು. ಸೀಲ್ ಮಾರುವವರು ಖಾಸಗಿಯವರು, ಹಾಕುವವರು ನಾವು, ಬಂದರಿನಲ್ಲಿ ಓದಿ ನೋಡುವವರು ಕಸ್ಟಮ್ಸ್‌ನವರು. ಸರ್ಕಾರ ಮತ್ತು ವ್ಯಾಪಾರಿಗಳ ಪಾಲುದಾರಿಕೆ ಎಂದರೆ ಏನೆಂದು ನನಗೆ ಅರ್ಥವಾಗಿದ್ದೇ ಆಗ.

ಅಲ್ಲಿಂದ ಎಇಒ, ಅಂದರೆ ಆಥರೈಸ್ಡ್ ಎಕನಾಮಿಕ್ ಆಪರೇಟರ್, ಕಡೆಗೆ ಬಂದೆವು. ನಂಬಿಕಸ್ತ ವ್ಯಾಪಾರಿ ಎಂದು ಕಸ್ಟಮ್ಸ್ ಇಲಾಖೆಯೇ ಕೊಡುವ ಮಾನ್ಯತೆ ಇದು. ವಿಶ್ವ ಕಸ್ಟಮ್ಸ್ ಸಂಸ್ಥೆಯ 2005ರ ಸೇಫ್ ಎಂಬ ವ್ಯಾಪಾರ ಭದ್ರತಾ ಚೌಕಟ್ಟಿನಲ್ಲಿ ಇದರ ಬೇರಿದೆ. ನಮ್ಮ ದೇಶದಲ್ಲಿ 2011ರಲ್ಲಿ ಪ್ರಯೋಗವಾಗಿ ಶುರುವಾಯಿತು. 2016ರಲ್ಲಿ ಆಮದು–ರಫ್ತುದಾರರಿಗೆ ಟಿ1, ಟಿ2, ಟಿ3 ಎಂಬ ಮೂರು ಹಂತಗಳಾದವು. ಸಾಗಣೆದಾರರು, ಸಿಎಚ್‌ಎ (ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವ ಏಜೆಂಟರು), ಗೋದಾಮಿನವರಿಗೆ ಎಲ್‌ಒ ಎಂಬ ಪ್ರತ್ಯೇಕ ವರ್ಗವಿದೆ.

ಟಿ1 ಬಹುಪಾಲು ಕಾಗದದ ಕೆಲಸ. ಲೆಕ್ಕಪತ್ರ ಸರಿಯಿದ್ದವರಿಗೆ ಕಷ್ಟವಿಲ್ಲ. ಟಿ2 ಹಾಗಲ್ಲ, ಅಧಿಕಾರಿಗಳು ಸ್ಥಳಕ್ಕೇ ಬಂದು ನೋಡುತ್ತಾರೆ. ಗೇಟಿನಲ್ಲಿ ಯಾರು ಬಂದರು, ಯಾರು ಹೋದರು? ಲೋಡಿಂಗ್ ಜಾಗಕ್ಕೆ ಯಾರು ಬೇಕಾದರೂ ಬರಬಹುದಾ? ಸೀಲ್‌ಗಳು ಯಾರ ಬೀಗದಲ್ಲಿವೆ? ಕೆಲಸ ಬಿಟ್ಟವರ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆಯಾ? ಇದಕ್ಕೆಲ್ಲ ಬರೆದಿಟ್ಟ ಪದ್ಧತಿ ಇರಬೇಕು, ಅದರಂತೆ ನಡೆದ ದಾಖಲೆಯೂ ಇರಬೇಕು.

ನಾವು ಜಾಸ್ತಿ ಶ್ರಮ ಹಾಕಿದ್ದು ಖಾಲಿ ಕಂಟೇನರ್ ತಪಾಸಣೆಗೆ. ಏಳು ಕಡೆ ನೋಡಬೇಕು: ಮುಂದಿನ ಗೋಡೆ, ಎಡಗಡೆ, ಬಲಗಡೆ, ನೆಲ, ಚಾವಣಿ, ಬಾಗಿಲಿನ ಒಳ–ಹೊರ, ತಳಭಾಗ. ಕಾಫಿಯವರಿಗೆ ಇದರಿಂದ ಎರಡು ಲಾಭ. ಗುಪ್ತ ಜಾಗವಿದ್ದರೆ ಸಿಗುತ್ತದೆ, ನೀರು ಸೋರುವ ತೂತು, ಹುಳ, ಹಳೇ ಸರಕಿನ ವಾಸನೆ ಕೂಡ ಸಿಗುತ್ತದೆ. ಹುರಿಯದ ಹಸಿರು ಬೀಜ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ, ಅಲ್ವಾ? ಸೀಲ್ ಹಾಕಿದ ಮೇಲೆ ನೋಡಬೇಕು, ನಂಬರ್ ತಾಳೆ ಹಾಕಬೇಕು, ಎಳೆಯಬೇಕು, ತಿರುಚಬೇಕು. ಈ ಕೆಲಸವನ್ನು ಆಫೀಸಿನವರಿಗೆ ಕೊಡದೆ ನಮ್ಮ ಹಮಾಲರ ಮೇಸ್ತ್ರಿಗೇ ಒಪ್ಪಿಸಿದೆವು. ಅವರು ಬೇಡ ಎಂದ ಕಂಟೇನರ್ ವಾಪಸ್ ಹೋಗುತ್ತದೆ, ಮ್ಯಾನೇಜರ್ ಹೇಳಿದರೂ ತುಂಬುವುದಿಲ್ಲ. ಇಡೀ ಕೆಲಸದಲ್ಲಿ ಅತಿ ಉಪಯುಕ್ತ ತೀರ್ಮಾನ ಇದೇ ಎಂದು ನನ್ನ ನಂಬಿಕೆ.

ಪ್ರತಿಫಲವಾಗಿ ತಪಾಸಣೆಗೆ ಎಳೆಯುವುದು ಕಡಿಮೆ, ಕೆಲಸವೂ ಬೇಗ. ಟಿ2 ಮತ್ತು ಟಿ3 ರಫ್ತುದಾರರಿಗೆ ಒಪ್ಪಂದವಿರುವ ದೇಶಗಳಲ್ಲೂ ಮನ್ನಣೆ ಸಿಗುತ್ತದೆ. ಅಮೆರಿಕದ ಜೊತೆಗಿನ ಒಪ್ಪಂದಕ್ಕೆ 2021ರಲ್ಲಿ ಸಹಿಯಾಯಿತು.

ಇನ್ನೊಂದು ಬಾಗಿಲು ಬಹಳ ಜನ ಬಳಸುವುದೇ ಇಲ್ಲ. ಕಸ್ಟಮ್ಸ್ ಕಚೇರಿಗಳಲ್ಲಿ ಕಾಯಂ ವ್ಯಾಪಾರ ಸೌಲಭ್ಯ ಸಮಿತಿಯ ಸಭೆ ನಡೆಯುತ್ತದೆ, ಪಿಟಿಎಫ್‌ಸಿ ಎನ್ನುತ್ತಾರೆ. ರಫ್ತುದಾರರ ಸಂಘಗಳು, ಸಿಎಚ್‌ಎಗಳು, ಅಧಿಕಾರಿಗಳು ಒಂದೇ ಮೇಜಿನಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ಘಾಟಿ ಬಂದ್ ಆದರೆ ನಮ್ಮ ಲಾರಿಗಳು ಒಟ್ಟಿಗೆ, ತಡವಾಗಿ ಬರುತ್ತವೆ. ಈ ವಿಷಯವನ್ನು ನಮ್ಮ ಸಂಘದ ಮೂಲಕ ಎತ್ತಿದೆ. ಸುಮ್ನೆ ‘ತೊಂದರೆಯಾಗುತ್ತಿದೆ’ ಎಂದರೆ ಯಾರೂ ಕೇಳುವುದಿಲ್ಲ. ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ನಂಬರ್, ಇಲ್ಲಿಂದ ಹೊರಟ ಸಮಯ, ಬಂದರಿನ ಗೇಟ್ ಮುಟ್ಟಿದ ಸಮಯ, ಬಿಡುಗಡೆಯಾದ ಸಮಯ ಇವನ್ನೆಲ್ಲ ಒಂದು ಹಾಳೆಯಲ್ಲಿ ಒಯ್ದಿದ್ದೆ. ಅದನ್ನು ನೋಡಿದ ಮೇಲೆ ಮಾತು ದೂರಿನಿಂದ ಕೆಲಸದ ಕಡೆ ತಿರುಗಿತು. ತಡದ ಒಂದು ಪಾಲು ನಮ್ಮ ಕಡೆಯ ದಾಖಲೆಗಳಿಂದಲೇ ಎಂದು ಅದೇ ಹಾಳೆ ತೋರಿಸಿತು. ಹಾಗಾಗಿ ಈಗ ಕಾಗದಗಳನ್ನೆಲ್ಲ ಲಾರಿ ಹೊರಡುವ ಮೊದಲೇ ಕಸ್ಟಮ್ಸ್‌ನ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಇ–ಸಂಚಿತ್‌ಗೆ ಹಾಕಿಸುತ್ತೇವೆ.

ಉಳಿದಿರುವ ದೊಡ್ಡ ಕೊರತೆ ಸಾಗಣೆಯದು. ನಮ್ಮ ಗೇಟ್ ಎಷ್ಟೇ ಭದ್ರವಾಗಿದ್ದರೂ, ಘಾಟಿಯಲ್ಲಿ ರಾತ್ರಿ ನಿಲ್ಲುವ ಲಾರಿ ನಮ್ಮ ಕೈಯಲ್ಲಿಲ್ಲ. ಸಣ್ಣ ಲಾರಿ ಮಾಲೀಕರಿಗೆ ಎಲ್‌ಒ ಅರ್ಜಿ ಎಂದರೆ ಭಯ. ಅವರ ಕಾಗದಗಳನ್ನು ಜೋಡಿಸಿಕೊಡಲು ನಮ್ಮ ಆಫೀಸಿನಲ್ಲೇ ಒಬ್ಬರನ್ನು ಕೂರಿಸಿದ್ದೇವೆ.